ವಿದ್ಯುತ್ತೂ ವರ್ತಮಾನವೂ

ಶಿವಸಮುದ್ರದ ಜಲಪಾತದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು 1902ರಲ್ಲಿ. ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದುದು 1905ರಲ್ಲಿ. ಈ ಎರಡು ಇಸವಿಗಳನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಇಂತಹ ದೂರದ ಮಾರ್ಗದಲ್ಲಿ ಈ ತುದಿಯವನು ಆ ತುದಿಯವನೊಡನೆ ಮಾತನಾಡುವ ಬಗೆ ಹೇಗೆಂದು ಕೇಳುವವರು ವಿರಳ. ಆ ಮಾತಿಗೂ ಒಂದು ಚರಿತ್ರೆಯುಂಟು. ಅದೇ ಇಂದಿನ ವಿಷಯ.

ಭತ್ತವನ್ನು ಕಣಜದಲ್ಲಿ ತುಂಬಿಡಬಹುದು, ನೀರನ್ನು ಕೆರೆಯಲ್ಲಿ ನಿಲ್ಲಿಸಬಹುದು. ವಿದ್ಯುತ್ತನ್ನು ಹಾಗೆ ಹೇರಳವಾಗಿ ಕೂಡಿಡುವುದು ಸುಲಭವಲ್ಲ. ಜನ ಬಳಸುವಷ್ಟನ್ನು ಆಯಾ ಕ್ಷಣದಲ್ಲಿಯೇ ಹುಟ್ಟಿಸಬೇಕು. ದೂರದಲ್ಲಿ ದೊಡ್ಡದೊಂದು ಯಂತ್ರ ತಟಕ್ಕನೆ ನಿಂತರೆ ಇಲ್ಲಿ ನೀರಿನ ಚಕ್ರದ ವೇಗ ಏರತೊಡಗುತ್ತದೆ. ಇಷ್ಟಲ್ಲದೆ, ರಿಪೇರಿಯವನು ಕಂಬ ಹತ್ತುವುದಕ್ಕೆ ಮೊದಲು ಎರಡು ತುದಿಗಳಲ್ಲಿಯೂ ಪ್ರವಾಹ ನಿಂತಿದೆಯೆಂಬ ವರ್ತಮಾನ ಖಚಿತವಾಗಿ ಸಿಕ್ಕಬೇಕು. ಅಲ್ಲಿ ಒಂದು ಮಾತು ತಪ್ಪಿ ಕೇಳಿಸಿದರೆ ಒಂದು ಜೀವ ಹೋದೀತು.

ಆದುದರಿಂದಲೇ ಹಿಂದಿನ ಎಂಜಿನಿಯರುಗಳು ಅನೇಕ ದೇಶಗಳಲ್ಲಿ ವಿದ್ಯುತ್ ಕಂಬಗಳ ಮೇಲೆಯೇ, ಮುಖ್ಯ ತಂತಿಗಳ ಕೆಳಗೆ, ಒಂದು ಜೊತೆ ಟೆಲಿಫೋನು ತಂತಿಗಳನ್ನು ಎಳೆದರು. ಮೇಲಿನ ಪ್ರವಾಹದ ಪ್ರಭಾವದಿಂದ ಕೆಳಗಿನ ತಂತಿಗಳಲ್ಲಿ ಜೀರುಂಡೆಯಂತಹ ಮೊರೆತ ಹುಟ್ಟುತ್ತಿತ್ತು. ಅದನ್ನು ತಗ್ಗಿಸಲು ಅಲ್ಲಲ್ಲಿ ಎರಡು ತಂತಿಗಳ ಸ್ಥಾನಗಳನ್ನು ಅದಲುಬದಲು ಮಾಡುತ್ತಿದ್ದರು. ಆದರೂ ಒಂದು ಕುಂದು ಉಳಿಯಿತು. ಬಿರುಗಾಳಿಗೆ ಕಂಬ ಬಿದ್ದರೆ ವಿದ್ಯುತ್ತಿನೊಡನೆ ಮಾತೂ ಬೀಳುತ್ತಿತ್ತು. ಮಾತು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಮೌನ ಆವರಿಸುತ್ತಿತ್ತು.

1920ರ ದಶಕದಲ್ಲಿ ಜಾಣತನದ ಇನ್ನೊಂದು ಉಪಾಯ ಪ್ರಚಾರಕ್ಕೆ ಬಂದಿತು. ವಿದ್ಯುತ್ತನ್ನು ಸಾಗಿಸುವ ದಪ್ಪ ತಂತಿಯೇ ಮಾತನ್ನೂ ಹೊರತೊಡಗಿತು. ನಮ್ಮ ದೀಪದ ಪ್ರವಾಹ ಸೆಕೆಂಡಿಗೆ 50 ಸಲ ಆಂದೋಲಿಸಿದರೆ, ಮಾತನ್ನು ಹೊತ್ತ ಅಲೆ ಹತ್ತಾರು ಸಾವಿರದಿಂದ ಕೆಲವು ಲಕ್ಷ ಸಲದವರೆಗೆ ಆಂದೋಲಿಸುತ್ತದೆ. ಆದ್ದರಿಂದ ತುದಿಯಲ್ಲಿ ಎರಡನ್ನೂ ಬೇರ್ಪಡಿಸಬಹುದು. ಈ ಪದ್ಧತಿ ದಶಕಗಳ ಕಾಲ ನಿಷ್ಠೆಯಿಂದ ದುಡಿದಿದೆ. ಆದರೆ ಅದರಲ್ಲಿ ಹಿಡಿಸುವ ವರ್ತಮಾನ ಅಲ್ಪ. ಬೆಳೆದ ಜಾಲಕ್ಕೆ ಅದು ಸಾಲದು.

ವರ್ತಮಾನ ತಪ್ಪಿದರೆ ಏನಾಗುತ್ತದೆಂಬುದನ್ನು 2003ರ ಆಗಸ್ಟ್ 14 ಜಗತ್ತಿಗೆ ತೋರಿಸಿತು. ಅಮೆರಿಕದ ಒಹಾಯೋ ಪ್ರಾಂತದ ಒಂದು ನಿಯಂತ್ರಣಾಲಯದಲ್ಲಿ ಎಚ್ಚರಿಕೆ ಕೊಡುವ ಕಂಪ್ಯೂಟರು ವ್ಯವಸ್ಥೆ ಮಧ್ಯಾಹ್ನ ಸದ್ದಿಲ್ಲದೆ ನಿಂತುಹೋಯಿತು. ಹೊರಗೆ ತಂತಿಗಳು ಮರಗಳಿಗೆ ತಗುಲಿ ಒಂದೊಂದಾಗಿ ಕಳಚಿಕೊಳ್ಳುತ್ತಿದ್ದರೂ ಒಳಗೆ ಕುಳಿತವರು ಎಲ್ಲವೂ ಕ್ಷೇಮವೆಂದೇ ಒಂದು ಗಂಟೆಗೂ ಮಿಕ್ಕಿ ನಂಬಿದ್ದರು. ಸಂಜೆ ನಾಲ್ಕು ದಾಟಿದ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು 5 ಕೋಟಿ ಜನ ವಿದ್ಯುತ್ತಿಲ್ಲದೆ ಉಳಿದರು.

ಇದು ದೂರದ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದಾಗ ದಕ್ಷಿಣವು ಪಾರಾದುದು, ಆಗ ನಮ್ಮ ಜಾಲ ಅದರೊಡನೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲವಾದ್ದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದಿಂದ ಆ ಬೆಸುಗೆ ನೆರವೇರಿತು. ಅಭಾವದಲ್ಲಿ ನೆರವು ದೊರೆಯುತ್ತದೆ. ಆಪತ್ತಿನಲ್ಲಿ ಪಾಲೂ ಬರುತ್ತದೆ.

ಹಾಗಾದರೆ ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರೆ ಸಾಲದೆ? ಗೋಪುರಗಳ ನೆತ್ತಿಯಲ್ಲಿ ಸಿಡಿಲಿನಿಂದ ಕಾಪಾಡುವ ತಂತಿಯೊಂದಿರುತ್ತದೆ. ಅದರ ಒಡಲಿನಲ್ಲಿ ಈಗ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಹುದುಗಿಸುತ್ತಾರೆ. ಬೆಳಕಿನ ರೂಪದಲ್ಲಿ ಹರಿಯುವ ವರ್ತಮಾನಕ್ಕೆ ಮೊರೆತದ ಕಾಟವಿಲ್ಲ. ಆದರೆ ಊರನ್ನು ಕತ್ತಲಲ್ಲಿಟ್ಟು ಕೆಲಸ ಮಾಡುವಂತಿಲ್ಲ. ಹೊಸದು ನಂಬಿಕೆ ಗಳಿಸುವವರೆಗೆ ಹಳೆಯದೂ ಜೊತೆಯಲ್ಲಿ ನಡೆಯಬೇಕು. ಮಾರ್ಗದ ಎರಡು ತುದಿಗಳ ಪ್ರವಾಹವನ್ನು ಒಂದೇ ಕ್ಷಣದಲ್ಲಿ ಹೋಲಿಸಿ ದೋಷವನ್ನು ಗುರುತಿಸುವ ಕಾವಲು ಯಂತ್ರಗಳಿವೆ. ಹೋಗುವ ಸುದ್ದಿಗೂ ಬರುವ ಸುದ್ದಿಗೂ ತಗಲುವ ಕಾಲ ಹೆಚ್ಚುಕಡಮೆಯಾದರೆ ಅವು ಇಲ್ಲದ ದೋಷವನ್ನು ಕಂಡು ಮಾರ್ಗವನ್ನು ಮುರಿದಾವು. ಆದುದರಿಂದ ಇಲ್ಲಿ ವೇಗಕ್ಕಿಂತ ನಿಯತಕಾಲವೇ ಮುಖ್ಯ.

ಹೊಸತಿಗೆ ಹೊಸ ಭಯವೂ ಉಂಟು. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಶತ್ರುಗಳು ಕಂಪ್ಯೂಟರುಗಳ ಮೂಲಕ ನುಗ್ಗಿ, ದೂರದಿಂದಲೇ ಸ್ವಿಚ್ಚುಗಳನ್ನು ತೆರೆದು, ಸುಮಾರು 2,25,000 ಗ್ರಾಹಕರ ವಿದ್ಯುತ್ತನ್ನು ನಿಲ್ಲಿಸಿದರು. ಉಪಕೇಂದ್ರಗಳ ಸಂಪರ್ಕ ಸಾಧನಗಳನ್ನೂ ಕೆಡಿಸಿದರು. ಕೆಲವು ಗಂಟೆಗಳಲ್ಲಿ ಬೆಳಕು ಮರಳಿದುದು ಕೆಲಸಗಾರರು ಉಪಕೇಂದ್ರಗಳಿಗೆ ಧಾವಿಸಿ, ಸ್ವಿಚ್ಚುಗಳನ್ನು ಕೈಯಿಂದ ಹಾಕಿದ್ದರಿಂದ.

ವಿದ್ಯುತ್ತು ಮಾರಾಟವಾಗುತ್ತದೆ, ವರ್ತಮಾನ ಮಾರಾಟವಾಗುವುದಿಲ್ಲ. ಆದ್ದರಿಂದ ಖರ್ಚನ್ನು ಮೊಟಕುಗೊಳಿಸುವಾಗ ಲೆಕ್ಕಿಗರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಆದರೆ ಕತ್ತಲು ಕವಿದ ರಾತ್ರಿ ಜಾಲವನ್ನು ಮತ್ತೆ ಎಬ್ಬಿಸಲು ಮೊದಲು ಬೇಕಾಗುವುದು ಆ ತುದಿಯಿಂದ ಒಂದು ಸ್ಪಷ್ಟವಾದ ಮಾತು. ಅದಕ್ಕೆ ತನ್ನದೇ ಬ್ಯಾಟರಿ, ಬೇರೆಯದೇ ದಾರಿ, ಆ ದಾರಿಯನ್ನು ಆಗಾಗ್ಗೆ ಪರೀಕ್ಷಿಸುವ ಮನುಷ್ಯ, ಈ ಮೂರೂ ಇರಬೇಕು. ಇವುಗಳಿಗೆ ಹಣ ಒದಗಿದೆಯೆ ಎಂದು ಕೇಳುವ ಹಕ್ಕು ದೀಪ ಉರಿಸುವ ನಮ್ಮೆಲ್ಲರಿಗೂ ಉಂಟು.