ಪದದ ಎಲ್ಲೆ, ಹಕ್ಕಿನ ಎಲ್ಲೆ: ಯುರೋಪಿನ ಪೇಟೆಂಟ್ ಕಾನೂನಿನಲ್ಲಿ ಅನುವಾದ ಮತ್ತು ಅರ್ಥನಿರ್ಣಯ (1973–2025)

1973ರ ಅಕ್ಟೋಬರ್ 5ರಂದು ಮ್ಯೂನಿಕ್‌ನಲ್ಲಿ ಸಹಿಯಾದ ಯುರೋಪಿಯನ್ ಪೇಟೆಂಟ್ ಒಡಂಬಡಿಕೆಗೆ ಇಂಗ್ಲಿಷ್, ಫ್ರೆಂಚ್, ಜರ್ಮನ್ ಎಂಬ ಮೂರು ಪಾಠಗಳಿದ್ದು, ಮೂರೂ ಸಮಾನವಾಗಿ ಅಧಿಕೃತ. ಪೇಟೆಂಟ್ ದಾಖಲೆಯಲ್ಲಿ ಆವಿಷ್ಕಾರದ ಎಲ್ಲೆಯನ್ನು, ಬಹುಮಟ್ಟಿಗೆ ಒಂದೊಂದೇ ದೀರ್ಘ ವಾಕ್ಯದಲ್ಲಿ, ಗುರುತಿಸುವ ಭಾಗಕ್ಕೆ ಕ್ಲೇಮು ಎಂದು ಹೆಸರು; ಅದನ್ನು ಬಿಡಿಸಿ ಹೇಳುವ ಉಳಿದ ಭಾಗ ವಿವರಣೆ. ರಕ್ಷಣೆಯ ವ್ಯಾಪ್ತಿಯನ್ನು ನಿರ್ಧರಿಸುವ 69ನೆಯ ವಿಧಿಯು ಇಂಗ್ಲಿಷ್ ಪಾಠದಲ್ಲಿ ಕ್ಲೇಮುಗಳ ‘ಟರ್ಮ್ಸ್’ ಎಂದರೆ, ಜರ್ಮನ್ ಪಾಠದಲ್ಲಿ ‘ಇನ್‌ಹಾಲ್ಟ್’ ಎಂದಿತು. ಒಂದು ಪದಗಳನ್ನು ನೋಡು ಎನ್ನುತ್ತದೆ. ಇನ್ನೊಂದು ಒಳಗಿನ ಹುರುಳನ್ನು ನೋಡು ಎನ್ನುತ್ತದೆ. 2007ರ ಡಿಸೆಂಬರ್ 13ರಂದು ಜಾರಿಗೆ ಬಂದ ಪರಿಷ್ಕೃತ ಪಾಠವು ಈ ಎರಡು ಪದಗಳನ್ನೂ ಕೈಬಿಟ್ಟು ‘ಕ್ಲೇಮುಗಳು’ ಎಂಬುದನ್ನಷ್ಟೇ ಉಳಿಸಿಕೊಂಡಿತು. ಭೇದ ಬಗೆಹರಿಯಲಿಲ್ಲ, ಕಣ್ಮರೆಯಾಯಿತು.

ಪೇಟೆಂಟು ಯಾವ ಭಾಷೆಯಲ್ಲಿರಬೇಕು ಎಂಬ ಚರ್ಚೆಯನ್ನು ಭಾಷಾನೀತಿಯ ಚರಿತ್ರೆಯೆಂದೂ, ಕ್ಲೇಮಿನ ಪದಕ್ಕೆ ಅರ್ಥವನ್ನು ಎಲ್ಲಿಂದ ತರಬೇಕು ಎಂಬ ಚರ್ಚೆಯನ್ನು ನ್ಯಾಯನಿರ್ಣಯದ ಚರಿತ್ರೆಯೆಂದೂ ಬೇರೆಬೇರೆಯಾಗಿ ಬರೆಯುವುದು ವಾಡಿಕೆ. ಇವೆರಡನ್ನೂ ಒಟ್ಟಿಗೆ ಓದದಿದ್ದರೆ ಇತ್ತೀಚಿನ ಬೆಳವಣಿಗೆಗಳ ನಿಜವಾದ ಪರಿಣಾಮ ಗೋಚರಿಸದು ಎಂಬುದು ನಮ್ಮ ನಿಲುವು.

ಅರ್ಥದ ತೊಡಕಿಗೆ ಪ್ರಸಿದ್ಧ ನಿದರ್ಶನ ‘ಎಪಿಲೇಡಿ’ ಎಂಬ ಕೂದಲು ತೆಗೆಯುವ ಉಪಕರಣದ ವ್ಯಾಜ್ಯ. ಕ್ಲೇಮಿನಲ್ಲಿದ್ದುದು ಸುರುಳಿ ಸ್ಪ್ರಿಂಗ್. ಪ್ರತಿವಾದಿಯ ಯಂತ್ರದಲ್ಲಿದ್ದುದು ಸೀಳುಗಳುಳ್ಳ ರಬ್ಬರ್ ಸಲಾಕೆ. ಜರ್ಮನ್ ನ್ಯಾಯಾಲಯ ಉಲ್ಲಂಘನೆಯಾಗಿದೆ ಎಂದಿತು, ಇಂಗ್ಲೆಂಡಿನ ನ್ಯಾಯಾಲಯ ಇಲ್ಲವೆಂದಿತು. 1989ರ ಇಂಗ್ಲಿಷ್ ತೀರ್ಪಿನಲ್ಲಿ ನ್ಯಾಯಮೂರ್ತಿ ಹಾಫ್‌ಮನ್ ಕೇಳಿಕೊಂಡ ಪ್ರಶ್ನೆ ಭಾಷಾವಿಜ್ಞಾನಿಗಳಿಗೆ ಪರಿಚಿತವೇ: ಈ ಪದವನ್ನು ವಾಚ್ಯಾರ್ಥದಲ್ಲಿ ಹಿಡಿಯಬೇಕೇ, ಅಥವಾ ಅಂಶದಿಂದ ಅಂಶಿಯನ್ನು ಸೂಚಿಸುವ ಲಕ್ಷಣಾಪ್ರಯೋಗವೆಂದು ತಿಳಿಯಬೇಕೇ? (ನಮ್ಮ ಅಲಂಕಾರಶಾಸ್ತ್ರಜ್ಞರು ಈ ಮೊಕದ್ದಮೆಯಲ್ಲಿ ಸಲೀಸಾಗಿ ವಾದ ಮಂಡಿಸಬಹುದಿತ್ತು.) ಅವರ ಉತ್ತರ ವಾಚ್ಯಾರ್ಥದ ಕಡೆಗಿತ್ತು.

ಅನುವಾದದ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. ಮೂಲ ಒಡಂಬಡಿಕೆಯ ಪ್ರಕಾರ ಪ್ರತಿಯೊಂದು ಸದಸ್ಯರಾಷ್ಟ್ರವೂ ಪೇಟೆಂಟಿನ ಪೂರ್ಣಾನುವಾದವನ್ನು ತನ್ನ ಭಾಷೆಯಲ್ಲಿ ಕೇಳಬಹುದಿತ್ತು. ಅಷ್ಟೇ ಅಲ್ಲ, 70ನೆಯ ವಿಧಿಯು ಅನುವಾದಕ್ಕೊಂದು ಅಪೂರ್ವ ಬಲ ಕೊಟ್ಟಿತ್ತು: ಅನುವಾದದಿಂದ ಹೊರಡುವ ರಕ್ಷಣೆ ಮೂಲಕ್ಕಿಂತ ಕಿರಿದಾಗಿದ್ದರೆ, ಆ ನಾಡಿನಲ್ಲಿ ಅನುವಾದವೇ ಅಧಿಕೃತವೆಂದು ರಾಷ್ಟ್ರವು ವಿಧಿಸಬಹುದು. ತನ್ನ ಭಾಷೆಯಲ್ಲಿ ಓದಿದವನು ಓದಿದ್ದನ್ನು ನಂಬಬಹುದು ಎಂಬುದು ಇದರ ತಾತ್ಪರ್ಯ. ಆದರೆ ಅನುವಾದದ ವೆಚ್ಚ ಭಾರವೆನಿಸಿತು. 2008ರ ಮೇ 1ರಂದು ಜಾರಿಗೆ ಬಂದ ಲಂಡನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಮೂರು ಅಧಿಕೃತ ಭಾಷೆಗಳಲ್ಲೊಂದು ತಮ್ಮದಾಗಿರುವವು ಅನುವಾದದ ಬೇಡಿಕೆಯನ್ನೇ ಬಿಟ್ಟುಕೊಟ್ಟವು. ಉಳಿದವು ತಮ್ಮ ಭಾಷೆಯಲ್ಲಿ ಕ್ಲೇಮುಗಳನ್ನಷ್ಟೇ ಕೇಳಬಹುದಾಯಿತು.

ಏಕೀಕೃತ ಪೇಟೆಂಟಿನ ಅನುವಾದ ವ್ಯವಸ್ಥೆಯನ್ನು ರೂಪಿಸಿದ 2012ರ ಯುರೋಪಿಯನ್ ಒಕ್ಕೂಟದ 1260ನೆಯ ನಿಯಮಾವಳಿ ಇನ್ನೂ ಮುಂದೆ ಹೋಯಿತು. ಕ್ಲೇಮುಗಳು ಮೂರು ಭಾಷೆಗಳಲ್ಲಿ, ವಿವರಣೆ ಕಲಾಪದ ಒಂದೇ ಭಾಷೆಯಲ್ಲಿ. ಗರಿಷ್ಠ 12 ವರ್ಷಗಳ ಸಂಕ್ರಮಣಕಾಲದಲ್ಲಿ ಇನ್ನೊಂದು ಭಾಷೆಗೆ ಪೂರ್ಣಾನುವಾದ ಕಡ್ಡಾಯವಾದರೂ ಅದಕ್ಕೆ ಕಾನೂನಿನ ಬಲವಿಲ್ಲ. ಆಮೇಲೆ ಯಂತ್ರಾನುವಾದವೇ ಗತಿ. ವ್ಯಾಜ್ಯ ಹುಟ್ಟಿದ ಮೇಲೆ ಆಪಾದಿತನು ಹಕ್ಕುದಾರನ ಖರ್ಚಿನಲ್ಲಿ ಪೂರ್ಣಾನುವಾದ ಕೇಳಬಹುದು. ಸ್ಪೇನ್ ಇದನ್ನು ಭಾಷಾತಾರತಮ್ಯವೆಂದು ಪ್ರಶ್ನಿಸಿತು. 2015ರ ಮೇ 5ರಂದು ಒಕ್ಕೂಟದ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಮೊದಲು ಸ್ಪೇನಿನೊಡನೆ ವಿರೋಧಿಸಿದ್ದ ಇಟಲಿ ಅದೇ ವರ್ಷ ವ್ಯವಸ್ಥೆಗೆ ಸೇರಿತು. ಸ್ಪೇನ್ ಹೊರಗುಳಿಯಿತು. 2023ರ ಜೂನ್ 1ರಂದು ಏಕೀಕೃತ ಪೇಟೆಂಟ್ ನ್ಯಾಯಾಲಯ ಬಾಗಿಲು ತೆರೆಯಿತು.

ಇನ್ನು ಅರ್ಥನಿರ್ಣಯದ ಕಡೆ. ಕ್ಲೇಮು ಸ್ವತಃ ಸ್ಪಷ್ಟವಾಗಿದ್ದರೂ ವಿವರಣೆಯನ್ನು ಎಂದಿಗೂ ನೋಡಲೇಬೇಕೆಂದು ಈ ನ್ಯಾಯಾಲಯದ ಮೇಲ್ಮನವಿ ಪೀಠ 2024ರ ಫೆಬ್ರವರಿ 26ರಂದು ನ್ಯಾನೋಸ್ಟ್ರಿಂಗ್ ಪ್ರಕರಣದಲ್ಲಿ ಹೇಳಿತು. ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಲಿಗಳಲ್ಲಿ ಮಾತ್ರ ಈ ಕುರಿತು ಒಮ್ಮತವಿರಲಿಲ್ಲ. ಅವುಗಳ ಮುಂದೆ ಬಂದ ಪ್ರಕರಣವೊಂದರಲ್ಲಿ ವಿವಾದವೆಲ್ಲ ‘ಗ್ಯಾದರ್ಡ್’ ಎಂಬ ವಿಶೇಷಣದ ಸುತ್ತ: ಬಿಸಿಮಾಡುವ ತಂಬಾಕು ಉತ್ಪನ್ನದೊಳಗಿನ ಹಾಳೆಗೆ ಹೇಳಿದ್ದು. ಆ ಕ್ಷೇತ್ರದ ರೂಢಾರ್ಥ ಕಿರಿದು, ವಿವರಣೆಯಲ್ಲಿ ಕೊಟ್ಟಿದ್ದ ವ್ಯಾಖ್ಯೆ ಹಿರಿದು. ಹಿರಿದನ್ನು ಒಪ್ಪಿದರೆ ಆವಿಷ್ಕಾರದ ಹೊಸತನಕ್ಕೇ ಕುತ್ತು. 2025ರ ಜೂನ್ 18ರಂದು ವಿಸ್ತೃತ ಮೇಲ್ಮನವಿ ಮಂಡಲಿ, ಕ್ಲೇಮೇ ಆರಂಭಬಿಂದುವಾದರೂ ವಿವರಣೆ ಮತ್ತು ಚಿತ್ರಗಳನ್ನು ಸದಾ ಪರಿಶೀಲಿಸಬೇಕೆಂದು ವಿಧಿಸಿತು.

ಭಾಷಾವಿಜ್ಞಾನದ ದೃಷ್ಟಿಯಿಂದ ಈ ತೀರ್ಮಾನವನ್ನು ನಾವು ಸ್ವಾಗತಿಸುತ್ತೇವೆ. ಸಂದರ್ಭದಿಂದ ಕಿತ್ತ ಪದಕ್ಕೆ ನಿಂತ ಅರ್ಥವಿದೆಯೆಂಬ ಭ್ರಮೆಯನ್ನು ಅದು ಬಿಟ್ಟಿತು. ಆದರೆ ಯಾವ ವಿವರಣೆಯನ್ನು ಓದಲೇಬೇಕೆಂದು ಕಾನೂನು ಈಗ ಹೇಳುತ್ತದೆಯೋ, ಅದೇ ವಿವರಣೆಯ ಅನುವಾದವನ್ನು ಅದು ಮೊದಲೇ ಮೊಟಕುಗೊಳಿಸಿಯಾಗಿದೆ. ಇಂಗ್ಲಿಷಿನಲ್ಲಿ ಮಂಜೂರಾದ ಏಕೀಕೃತ ಪೇಟೆಂಟು ಇಟಲಿಯ ಸಣ್ಣ ಕಾರ್ಖಾನೆಯ ಮಾಲೀಕನನ್ನು ಬಂಧಿಸುತ್ತದೆ. ಅದರ ಕ್ಲೇಮು ಕೂಡ ಅವನ ಭಾಷೆಯಲ್ಲಿರಬೇಕೆಂದಿಲ್ಲ. ಆ ಕ್ಲೇಮಿಗೆ ಅರ್ಥ ಕೊಡುವ ವಿವರಣೆಯನ್ನು ಯಂತ್ರ ಇಟಾಲಿಯನ್ನಿಗೆ ತಿರುಗಿಸಿಕೊಟ್ಟೀತು. ಅದನ್ನು ನಂಬಿ ನಡೆದವನಿಗೆ 70ನೆಯ ವಿಧಿ ಹಿಂದೆ ಕೊಡಬಹುದಾಗಿದ್ದ ಆಸರೆ ಇಲ್ಲಿಲ್ಲ. ಅರಿಯದೆ ಎಡವಿದ್ದರೆ, ನಷ್ಟಪರಿಹಾರ ಲೆಕ್ಕಹಾಕುವಾಗ ನ್ಯಾಯಾಲಯವು ಆ ಅಂಶವನ್ನು ಗಮನಕ್ಕೆ ತೆಗೆದುಕೊಳ್ಳುತ್ತದೆ.