ರೆಡಿಫ್, ರಾಡಿಫ್ ಮತ್ತು ಉಡುಪಿ ಹೋಟೆಲು

ಮಾಟುಂಗಾ ಸ್ಟೇಷನ್ ಹತ್ತಿರ ಎ. ರಾಮ ನಾಯಕ್ ಅವರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಅದರ ಹಿಂದೆ ಮುಂದೆ ಮುಂಬಯಿಯಲ್ಲಿ ಎದ್ದ ಉಡುಪಿ ಹೋಟೆಲುಗಳಿಗೆ ಲೆಕ್ಕವಿಲ್ಲ. ಫೋರ್ಟಿನಲ್ಲೊಂದು, ಚೆಂಬೂರಿನಲ್ಲೊಂದು, ಮುಲುಂಡಿನಲ್ಲಿ ಮತ್ತೊಂದು. ಬೋರ್ಡಿನ ಮೇಲೆ ದೇವರು ಬದಲಾಗಬಹುದು, ಉಡುಪಿ ಮಾತ್ರ ಖಾಯಂ. ಹೆಸರಿಗಾಗಿ ಇವರು ಪರಸ್ಪರ ಕೋರ್ಟಿಗೆ ಹೋಗಬೇಕಾದ ಪ್ರಮೇಯ ಕಡಿಮೆ. ಊರಿನ ಹೆಸರು ಒಬ್ಬರ ಸೊತ್ತಲ್ಲ ಎನ್ನುವುದು ಒಂದು ಕಾರಣ. ನಡುವೆ ನಾಲ್ಕಾರು ಸ್ಟೇಷನ್ನುಗಳಿದ್ದವು ಎನ್ನುವುದು ಇನ್ನೂ ದೊಡ್ಡ ಕಾರಣ. ಚೆಂಬೂರಿನಲ್ಲಿ ದೋಸೆ ತಿನ್ನುತ್ತಿರುವವರು ತಾವು ಮಾಟುಂಗದಲ್ಲಿ ಕೂತಿದ್ದೇವೆಂದು ಮೋಸಹೋಗುವುದಿಲ್ಲ.

ಆನ್‌ಲೈನ್ ವ್ಯಾಪಾರದಲ್ಲಿ ಈ ದೂರ ಇಲ್ಲ. ಬೀದಿಯಿಲ್ಲ, ಎದುರಿನ ಆಲದ ಮರವಿಲ್ಲ, ಗಲ್ಲಾಪೆಟ್ಟಿಗೆಯಲ್ಲಿ ಕೂತ ಪರಿಚಯದ ಮುಖವಿಲ್ಲ. ಇರುವುದು ಟೈಪ್ ಮಾಡುವ ಹೆಸರೊಂದೇ. ಈ ಹೆಸರಿನ ಒಡೆಯರು ಯಾರು ಎಂಬ ಪ್ರಶ್ನೆ 1999ರ ಹೊತ್ತಿಗೆ ಭಾರತದ ಕೋರ್ಟುಗಳ ಮುಂದೆ ಬಂದಿತ್ತು, ಮತ್ತು ಆಗ ಅದಕ್ಕೆ ಉತ್ತರ ಕೊಡಬಲ್ಲ ಕಾಯ್ದೆಯೇ ಇರಲಿಲ್ಲ.

ಮುಂಬಯಿಯಲ್ಲೇ ಪ್ರಧಾನ ಕಚೇರಿಯಿದ್ದ ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷ ಅಜಿತ್ ಬಾಲಕೃಷ್ಣನ್ ಅದೇ ನಗರದಲ್ಲಿ ರೆಡಿಫ್ ಆರಂಭಿಸಿದರು. ಅವರು ಸಹಸ್ಥಾಪಕರಾಗಿದ್ದ ಜಾಹೀರಾತು ಸಂಸ್ಥೆ ರೆಡಿಫ್ಯೂಷನ್. ಅದರ ತಲೆಯನ್ನು ಕತ್ತರಿಸಿ ತೆಗೆದದ್ದೇ ಈ ಹೆಸರು. ಸುದ್ದಿ, ಹರಟೆ, ಇಮೇಲ್ ಎಂದು ರೆಡಿಫ್ ಡಾಟ್ ಕಾಮ್ ಬೆಳೆಯಿತು. ಅಷ್ಟರಲ್ಲಿ ಸೈಬರ್‌ಬೂತ್ ಎಂಬ ಸಂಸ್ಥೆ ರಾಡಿಫ್ ಡಾಟ್ ಕಾಮ್ ಎಂಬ ಹೆಸರನ್ನು ನೋಂದಾಯಿಸಿಕೊಂಡಿತು. ಇಂಗ್ಲಿಷಿನಲ್ಲಿ ಒಂದು ಅಕ್ಷರದ ವ್ಯತ್ಯಾಸ. ಕನ್ನಡದಲ್ಲಿ ಬರೆದರೆ ಎತ್ವ ಹೋಗಿ ದೀರ್ಘ ಬಂದಂತೆ, ಅಷ್ಟೇ.

ಡೊಮೇನ್ ಹೆಸರು ಕೊಡುವವರು ಮೊದಲು ಬಂದವರಿಗೆ ಕೊಡುತ್ತಾರೆ. ಒಂದಕ್ಷರ ಬೇರೆಯಿದ್ದರೂ ಕಂಪ್ಯೂಟರಿನ ಮಟ್ಟಿಗೆ ಅದು ಬೇರೆಯೇ ಹೆಸರು. ಕೇಳುವ ಕಿವಿಗೆ ಹಾಗಲ್ಲ. ರೆಡಿಫ್ ಬಾಂಬೆ ಹೈಕೋರ್ಟಿಗೆ ಹೋಯಿತು. ಆಗ ಜಾರಿಯಲ್ಲಿದ್ದ 1958ರ ಟ್ರೇಡ್‌ಮಾರ್ಕ್ ಕಾಯ್ದೆ ಸರಕಿಗೆ ಮಾತ್ರ ಅನ್ವಯ: ಸೋಪು, ಬೀಡಿ, ಸೀರೆ. ಸೇವೆಯ ಹೆಸರನ್ನು ನೋಂದಾಯಿಸಲು ಅದರಲ್ಲಿ ಅವಕಾಶವೇ ಇರಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ ಬರಲು ಇನ್ನೂ ಒಂದು ವರ್ಷ ಬೇಕಿತ್ತು. ಉಳಿದದ್ದು ಇಂಗ್ಲೆಂಡಿನ ಕೋರ್ಟುಗಳಿಂದ ಬಳುವಳಿ ಬಂದ ಪಾಸಿಂಗ್ ಆಫ್ ಎಂಬ ಹಳೆಯ ತತ್ವ: ತನ್ನ ಸರಕನ್ನು ಇನ್ನೊಬ್ಬರದೆಂದು ತೋರಿಸಿ ದಾಟಿಸಬಾರದು. ಅದಕ್ಕೆ ನೋಂದಣಿ ಬೇಡ. ಹೆಸರಿಗೆ ಜನರ ನಡುವೆ ಬೆಲೆ ಬಂದಿದೆ, ಇನ್ನೊಬ್ಬರ ಬಳಕೆಯಿಂದ ಗೊಂದಲವಾಗುತ್ತದೆ, ನಷ್ಟವಾಗುತ್ತದೆ ಎಂದು ತೋರಿಸಿದರೆ ಸಾಕು. ಅದೇ ವರ್ಷ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟು ಯಾಹೂ ಪ್ರಕರಣದಲ್ಲಿ ಈ ಹಳೆಯ ಅಸ್ತ್ರವನ್ನು ಬಳಸಿತ್ತು.

ಪ್ರತಿವಾದಿಗಳ ಸಮಜಾಯಿಷಿ ಸ್ವಾರಸ್ಯಕರ. ರಾಡಿಕಲ್ ಎಂಬ ಪದದ ಮೊದಲ ಮೂರು ಅಕ್ಷರ, ಇನ್ಫರ್ಮೇಷನ್, ಫ್ಯೂಚರ್, ಫ್ರೀ ಎಂಬ ಪದಗಳ ಮೊದಲಕ್ಷರ ಸೇರಿ ರಾಡಿಫ್ ಆಯಿತಂತೆ. ನ್ಯಾಯಮೂರ್ತಿ ಎ. ಪಿ. ಶಾ ಇದನ್ನು ನಂಬಲಿಲ್ಲ. 1999ರ ಏಪ್ರಿಲ್ 22ರ ಆದೇಶದಲ್ಲಿ ಡೊಮೇನ್ ಹೆಸರು ಬರೀ ವಿಳಾಸವಲ್ಲ, ಟ್ರೇಡ್‌ಮಾರ್ಕಿನಷ್ಟೇ ರಕ್ಷಣೆಗೆ ಅದು ಅರ್ಹ ಎಂದು ಹೇಳಿ ತಡೆಯಾಜ್ಞೆ ಕೊಟ್ಟರು.

ಎರಡೇ ವರ್ಷದಲ್ಲಿ ಇದೇ ನಾಟಕದ ಬೆಂಗಳೂರು ಆವೃತ್ತಿಗೆ ರಂಗ ಸಜ್ಜಾಯಿತು. ಸತ್ಯಂ ಇನ್ಫೋವೇ ಸಂಸ್ಥೆಯ ಹೆಸರಿನ ತುಣುಕುಗಳಿಂದ ಹುಟ್ಟಿದ ಸಿಫಿಗೆ ಎದುರಾಗಿ 2001ರಲ್ಲಿ ಸಿಫ್ಫಿನೆಟ್ ನೋಂದಾಯಿತವಾಯಿತು. ಈ ಸಲ ಕನ್ನಡದಲ್ಲಿ ಒಂದು ಒತ್ತಿನ ವ್ಯತ್ಯಾಸ. ಸಮಜಾಯಿಷಿಯೂ ಅದೇ ಜಾತಿಯದು: ಸಂಸ್ಥೆ ಕಟ್ಟಿದ ಐವರ ಹೆಸರಿನ ಮೊದಲಕ್ಷರಗಳು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ಅದನ್ನು ತೆಗೆದುಹಾಕಿತು. ಇಬ್ಬರ ವ್ಯಾಪಾರವೂ ಬೇರೆ, ಈಗಾಗಲೇ ಹಣ ಹಾಕಿ ಸದಸ್ಯರನ್ನು ಸೇರಿಸಿಕೊಂಡಿರುವ ಸಣ್ಣ ಸಂಸ್ಥೆಗೇ ಹೆಚ್ಚು ಪೆಟ್ಟು ಎಂಬುದು ಹೈಕೋರ್ಟಿನ ನಿಲುವು. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹೆಸರಿನ ಜಗಳದಲ್ಲಿ ಮೊದಲು ಬಂದವರು ಸಾಮಾನ್ಯವಾಗಿ ದೊಡ್ಡವರೂ ಆಗಿರುತ್ತಾರೆ.

2004ರ ಮೇ 6ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆಯನ್ನು ಮರಳಿ ತಂದಿತು. ನ್ಯಾಯಮೂರ್ತಿ ರುಮಾ ಪಾಲ್ ಬರೆದ ತೀರ್ಪಿನ ತಿರುಳು ದೂರದ ಪ್ರಶ್ನೆಯೇ. ಟ್ರೇಡ್‌ಮಾರ್ಕಿಗೆ ದೇಶದ ಗಡಿಯಿದೆ, ಡೊಮೇನ್ ಹೆಸರು ಗಿರಾಕಿ ಎಲ್ಲಿದ್ದರೂ ಸಿಗುತ್ತದೆ; ಹಾಗಾಗಿ ಹತ್ತಿರ ಹತ್ತಿರದ ಎರಡು ಹೆಸರು ಗೊಂದಲ ಹುಟ್ಟಿಸದೇ ಇರಲಾರವು. ಸಿಫ್ಫಿನೆಟ್ ಹೆಸರು ಬದಲಿಸಿದ್ದನ್ನು ತನ್ನ ಸದಸ್ಯರಿಗೆ ತಿಳಿಸಿ ವ್ಯಾಪಾರ ಮುಂದುವರಿಸಬಹುದು ಎಂದೂ ಕೋರ್ಟು ಹೇಳಿತು. ತಿಳಿಸುವುದು ಹೇಳಿದಷ್ಟು ಸುಲಭವೇ ಎನ್ನುವುದನ್ನು ಸದಸ್ಯರನ್ನು ಒಬ್ಬೊಬ್ಬರಾಗಿ ಸೇರಿಸಿದವರೇ ಹೇಳಬೇಕು.

ಅಷ್ಟರಲ್ಲಿ ಹೊಸ ಟ್ರೇಡ್‌ಮಾರ್ಕ್ ಕಾಯ್ದೆ 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದು ಸೇವೆಗಳ ಹೆಸರಿಗೂ ಬಾಗಿಲು ತೆರೆದಿತ್ತು. ಇವತ್ತು ಡೊಂಬಿವಲಿಯ ಅಡುಗೆಮನೆಯಿಂದ ಚಕ್ಕುಲಿ, ಕೋಡುಬಳೆ ಮಾರಲು ಹೊರಟವರು ಮೊದಲು ಡೊಮೇನ್ ಖರೀದಿಸುತ್ತಾರೆ, ಹೆಸರು ತಮ್ಮದಾಯಿತೆಂದುಕೊಳ್ಳುತ್ತಾರೆ. ಡೊಮೇನ್ ಸಿಕ್ಕಿತೆಂದರೆ ಆ ಹೆಸರು ಬಳಸುವ ಹಕ್ಕು ಸಿಕ್ಕಂತಲ್ಲ. ಸೈಬರ್‌ಬೂತಿಗೂ ಡೊಮೇನ್ ಸಿಕ್ಕಿತ್ತು. ನೋಡಬೇಕಾದದ್ದು ಟ್ರೇಡ್‌ಮಾರ್ಕ್ ನೋಂದಣಿಯ ಪಟ್ಟಿ, ಅದನ್ನು ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ತಿಂಡಿಗೆ 30ನೇ ವರ್ಗ, ಮಾರಾಟ ಸೇವೆಗೆ 35ನೆಯದು, ಹೋಟೆಲಿಗೆ 43. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ 2017ರ ನಿಯಮದ ಪ್ರಕಾರ ವರ್ಗಕ್ಕೆ 4,500 ರೂಪಾಯಿ, ನೋಂದಣಿಯ ಅವಧಿ 10 ವರ್ಷ.

ಆದರೆ ಹೆಸರು ಬರೀ ಉಡುಪಿ ಚಕ್ಕುಲಿ ಎಂದಿದ್ದರೆ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಊರು, ಗುಣ, ಜಾತಿ ಹೇಳುವ ಪದಗಳು ಹಾಗೆಲ್ಲ ಒಬ್ಬರ ಗುರುತಾಗುವುದಿಲ್ಲ. ಬಲ ಇರುವುದು ರೆಡಿಫ್, ಸಿಫಿಯಂಥ ಅರ್ಥವಿಲ್ಲದ ಹುಟ್ಟುಪದಗಳಿಗೆ. ಅಂಥ ಪದವನ್ನು ಜನರ ಬಾಯಿಗೆ ಹತ್ತಿಸಲು ಜಾಹೀರಾತಿನ ದುಡ್ಡು ಬೇಕು ಎನ್ನುವುದು ಬೇರೆ ಮಾತು. ಮಾಟುಂಗದ ಬೋರ್ಡಿನಲ್ಲಿ ಉಡುಪಿಗಿಂತ ಮೊದಲು ರಾಮ ನಾಯಕ್ ಎಂಬ ಸ್ವಂತ ಹೆಸರಿದೆ, ದುಡ್ಡಿಲ್ಲದವರಿಗೆ ಆ ದಾರಿ ಈಗಲೂ ತೆರೆದೇ ಇದೆ.

2020ರ ಜುಲೈಯಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳು ಇನ್ನೊಂದು ಕೆಲಸ ಮಾಡಿದವು: ಆನ್‌ಲೈನ್ ಮಾರುವ ಸಂಸ್ಥೆ ತನ್ನ ಕಾನೂನಿನ ಹೆಸರು, ಪ್ರಧಾನ ಕಚೇರಿಯ ನೆಲದ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರನ್ನು ಎದ್ದು ಕಾಣುವಂತೆ ಹಾಕಬೇಕು. ಬೀದಿಯಿಲ್ಲದ ಅಂಗಡಿಗೂ ಸರ್ಕಾರ ಬೋರ್ಡು ಬರೆಸಿತು.