ಪಿಕಪ್ ಗಾಡಿಯ ಕ್ಯಾಬಿನ್ನಿನಲ್ಲಿ ರಸ್ತೆ ಸದ್ದು, ಗಾಳಿ ಸದ್ದು: ಕಾರಣ ಮತ್ತು ಪರಿಹಾರ

ಇಂಡಿಯ ಲಿಂಬೆ, ಸಿಂದಗಿಯ ತೊಗರಿ, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ, ಮುದ್ದೇಬಿಹಾಳದ ಕಡಲೆ ಹೊಲದಿಂದ ಅಡತಿ ಅಂಗಡಿಗೆ ಸೇರುವುದು ಹೆಚ್ಚಾಗಿ ಪಿಕಪ್ ಗಾಡಿಗಳಲ್ಲಿ. ನಸುಕಿನಲ್ಲಿ ಮಾಲು ಹೇರಿಕೊಂಡು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಿ, ಮಧ್ಯಾಹ್ನ ಖಾಲಿ ಗಾಡಿ ಹೊಡೆದುಕೊಂಡು ಊರಿಗೆ ಬರುವ ಚಾಲಕನಿಗೆ ದಿನದ ಐದಾರು ತಾಸು ಕ್ಯಾಬಿನ್ನಿನಲ್ಲೇ ಕಳೆಯುತ್ತದೆ. ಪಕ್ಕದಲ್ಲಿ ಕೂತವರೊಂದಿಗೆ ಒದರಿ ಮಾತಾಡಬೇಕು, ಮನೆಗೆ ಬಂದಮೇಲೂ ಕಿವಿ ಗುಂಯ್ ಅನ್ನುತ್ತಿರುತ್ತದೆ. ‘ಮಾಲಿನ ಗಾಡಿ, ಸದ್ದು ಇದ್ದದ್ದೇ’ ಎಂದು ಸುಮ್ಮನಾಗುವವರೇ ಹೆಚ್ಚು. ಹಾಗೆ ಸುಮ್ಮನಾಗಬೇಕಿಲ್ಲ. ಈ ಸದ್ದಿನ ದೊಡ್ಡ ಪಾಲನ್ನು ಊರ ಮಿಸ್ತ್ರಿಯ ಕೈಯಲ್ಲೇ ಇಳಿಸಬಹುದು. ಆದರೆ ಸದ್ದು ಹುಟ್ಟುವ ಜಾಗ ಗೊತ್ತಾಗುವ ಮೊದಲೇ ಶೀಟು ಅಂಟಿಸಲು ಹೊರಟರೆ ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ.

ಪಿಕಪ್ಪಿಗೇ ಏಕೆ ಇಷ್ಟು ಸದ್ದು

ಕಾರಿನಲ್ಲಿ ದೇಹ ಮತ್ತು ತಳ ಒಂದೇ ಅಂಗ. ಪಿಕಪ್ಪಿನಲ್ಲಿ ಕೆಳಗೆ ಏಣಿಯಂಥ ಚಾಸಿ, ಅದರ ಮೇಲೆ ರಬ್ಬರ್ ಗಟ್ಟಿಗಳನ್ನಿಟ್ಟು ಕೂರಿಸಿದ ಕ್ಯಾಬಿನ್, ಹಿಂದೆ ಬೇರೆಯೇ ಮಾಲಿನ ತೊಟ್ಟಿ. ಹಿಂದಿನ ಆಕ್ಸಲ್ ಇಡಿಯಾಗಿ ಒಂದೇ ತೊಲೆ. ಅದರ ಮೇಲಿನ ಪಾಟಾಗಳು ಟನ್ನಿಗೂ ಮಿಕ್ಕ ಭಾರ ಹೊರಲೆಂದು ಬಿಗಿಯಾಗಿರುತ್ತವೆ. ಗಾಡಿ ಖಾಲಿಯಾದಾಗ ಆ ಪಾಟಾ ಬಾಗುವುದೇ ಇಲ್ಲ, ರಸ್ತೆಯ ಪ್ರತಿ ಏಟೂ ಚಾಸಿಗೆ ನೇರವಾಗಿ ಬೀಳುತ್ತದೆ. ಮಾಲು ತುಂಬಿದಾಗಿಗಿಂತ ಖಾಲಿ ಬರುವಾಗಲೇ ಗಾಡಿ ಹೆಚ್ಚು ಗಡಗಡಿಸುವುದು ಇದಕ್ಕೇ.

ಕ್ಯಾಬಿನ್ ಒಳಗೂ ಕಾರಿನಷ್ಟು ಒಳಪದರ ಇರುವುದಿಲ್ಲ. ಕಾಲಡಿಯಲ್ಲಿ ತೆಳುವಾದ ರೆಕ್ಸಿನ್, ಬಾಗಿಲಿಗೆ ಒಂದು ಪ್ಲಾಸ್ಟಿಕ್ ಪ್ಯಾಡು, ಬೆನ್ನ ಹಿಂದೆ ಬಹುಪಾಲು ಬರೀ ತಗಡು. ಬೊಲೆರೊ ಪಿಕಪ್ಪಿನಲ್ಲಿ ಎಂಜಿನ್ ಮುಂದಿನ ಬಾನೆಟ್ಟಿನಲ್ಲಿದೆ. ಟಾಟಾ ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್‌ಗಳಲ್ಲಿ ಅದು ಕೂತವರ ಕೆಳಗೇ ಇರುತ್ತದೆ. ಆದ್ದರಿಂದ ಒಂದು ಗಾಡಿಗೆ ಹೊಂದಿದ ಉಪಾಯ ಇನ್ನೊಂದಕ್ಕೆ ಹಾಗೇ ಹೊಂದುವುದಿಲ್ಲ. ಮೊದಲಿನದಕ್ಕೆ ಡ್ಯಾಶ್‌ಬೋರ್ಡ್ ಹಿಂದಿನ ಗೋಡೆ ಮುಖ್ಯ, ಎರಡನೆಯದಕ್ಕೆ ಸೀಟಿನ ಅಡಿ.

ಎರಿ ನೆಲದ ರಸ್ತೆ, ಬಯಲಿನ ಗಾಳಿ

ಈ ಸೀಮೆಯ ರಸ್ತೆಗೆ ಅದರದೇ ಒಂದು ತೊಂದರೆ ಇದೆ. ಡೋಣಿ, ಭೀಮಾ, ಕೃಷ್ಣಾ ಹೊಳೆಗಳ ನಡುವಿನ ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಎಷ್ಟೇ ಚೆನ್ನಾಗಿ ಡಾಂಬರು ಹಾಕಿದರೂ ಕೆಳಗಿನ ನೆಲ ಅಲುಗಿದಾಗ ರಸ್ತೆ ಅಲೆ ಅಲೆಯಾಗುತ್ತದೆ, ಅಂಚು ಸೀಳುತ್ತದೆ. ಆ ಅಲೆಗಳಿಂದ ಏಳುವುದು ‘ಗುಡುಗುಡು’ ಎನ್ನುವ ದಪ್ಪ ಸದ್ದು. ಅದು ಗಾಳಿಯಲ್ಲಿ ತೇಲಿ ಬರುವುದಲ್ಲ, ಪಾಟಾ, ಚಾಸಿ, ಕ್ಯಾಬಿನ್ ತಗಡುಗಳ ಮೂಲಕ ನಡುಗಿ ಬರುವುದು. ಡಾಂಬರು ಸವೆದು ಕಪ್ಪುಕಲ್ಲಿನ ಜಲ್ಲಿ ಮೇಲೆದ್ದ ರಸ್ತೆಯಲ್ಲಿ ಇದಕ್ಕೆ ಟೈರಿನ ‘ಘರ್’ ಸೇರುತ್ತದೆ.

ಗಾಳಿಯ ಮಾತೂ ಹಾಗೆಯೇ. ಮರಗಳಿಲ್ಲದ ಬಯಲು, ಮುಂಗಾರಿನ ತಿಂಗಳುಗಳಲ್ಲಿ ಪಡುವಣ ದಿಕ್ಕಿನಿಂದ ಬಿಡದೆ ಬೀಸುವ ಗಾಳಿ. ವಿಜಯಪುರ ಜಿಲ್ಲೆಯಲ್ಲಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಸಿಂದಗಿಯಿಂದ ವಿಜಯಪುರದವರೆಗಿನ ಸುಮಾರು 60 ಕಿ.ಮೀ. ಪಡುವಣಕ್ಕೇ ಸಾಗುತ್ತದೆ. ಆಷಾಢದಲ್ಲಿ ಆ ದಾರಿಯುದ್ದಕ್ಕೂ ಎದುರುಗಾಳಿ. ಗಾಡಿ 70ರಲ್ಲಿದ್ದು ಎದುರುಗಾಳಿ 20 ಇದ್ದರೆ ಕನ್ನಡಿಗೆ, ಬಾಗಿಲಿಗೆ ಬಡಿಯುವುದು 90ರ ಗಾಳಿ.

ಡೆಸಿಬಲ್ ಲೆಕ್ಕ

ಸದ್ದಿನ ಅಳತೆ ಕಿಲೋ, ಮೀಟರಿನಂತೆ ಒಂದರ ಮೇಲೊಂದು ಕೂಡುವಂಥದ್ದಲ್ಲ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, 10 ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಎನಿಸುತ್ತದೆ. ಗಾಡಿಯ ವೇಗ ಇಮ್ಮಡಿಯಾದರೆ ಟೈರಿನ ಸದ್ದು 9ರಿಂದ 12 ಡೆಸಿಬಲ್ ಏರುತ್ತದೆ, ಗಾಳಿಯ ಸದ್ದು 18ರ ಹತ್ತಿರ ಜಿಗಿಯುತ್ತದೆ. ಮೇಲೆ ಹೇಳಿದ ಎದುರುಗಾಳಿ ಒಂದೇ ಗಾಳಿಸದ್ದಿಗೆ 6 ಡೆಸಿಬಲ್‌ಗೂ ಮಿಕ್ಕು ಸೇರಿಸುತ್ತದೆ. ಹಾಗಾಗಿ ಎಲ್ಲಕ್ಕಿಂತ ಅಗ್ಗದ, ಇವತ್ತೇ ಮಾಡಬಹುದಾದ ಉಪಾಯ ವೇಗವನ್ನು 80ರಿಂದ 65ಕ್ಕೆ ಇಳಿಸುವುದು. ಡೀಸೆಲ್ ಉಳಿಯುವುದು ಮೇಲಿನ ಲಾಭ.

ಸದ್ದು ಎಲ್ಲಿಂದ ಎಂದು ಹುಡುಕುವ ಬಗೆ

ಒಬ್ಬರು ಓಡಿಸಬೇಕು, ಇನ್ನೊಬ್ಬರು ಕೇಳಬೇಕು. ಓಡಿಸುವವರೇ ಕೇಳಲು ಹೋಗಬಾರದು. ನೇರವಾದ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತ ಗೇರ್ ಬದಲಿಸಿ. ಸದ್ದಿನ ಧಾಟಿ ಬದಲಾದರೆ ಅದು ಎಂಜಿನ್ನಿನದು. ಬದಲಾಗದೆ ವೇಗದ ಜೊತೆಗೇ ಏರಿಳಿದರೆ ಟೈರು, ಬೇರಿಂಗು, ಇಲ್ಲವೆ ಗಾಳಿ. ತಿರುವಿನಲ್ಲಿ ಒಂದು ಕಡೆ ವಾಲಿದಾಗ ‘ಊಂ’ ಎನ್ನುವ ಸದ್ದು ಹೆಚ್ಚಿ ಇನ್ನೊಂದು ಕಡೆ ವಾಲಿದಾಗ ತಗ್ಗಿದರೆ ಚಕ್ರದ ಹಬ್ ಬೇರಿಂಗ್ ಸವೆದಿದೆ. ಅದು ಕಿವಿಯ ಪ್ರಶ್ನೆಗಿಂತ ಜೀವದ ಪ್ರಶ್ನೆ, ಅಂದೇ ಬಿಚ್ಚಿಸಬೇಕು. ಡಾಂಬರು ರಸ್ತೆಯಿಂದ ಊರೊಳಗಿನ ಸಿಸಿ ರಸ್ತೆಗೆ ಇಳಿದ ಕೂಡಲೇ ಸದ್ದಿನ ಬಣ್ಣ ಬದಲಾದರೆ ತಪ್ಪು ಟೈರಿನದು.

ಗಾಳಿಯನ್ನು ಹಿಡಿಯಲು ಪೇಂಟರುಗಳು ಬಳಸುವ ಕಾಗದದ ಟೇಪು ಸಾಕು. ಬಾಗಿಲ ಸಂದು, ಮುಂದಿನ ಗಾಜಿನ ಅಂಚು, ಕನ್ನಡಿಯ ಬುಡ ಎಲ್ಲಕ್ಕೂ ಹೊರಗಿನಿಂದ ಟೇಪು ಹಚ್ಚಿ ಓಡಿಸಿ. ಆಮೇಲೆ ಒಂದೊಂದೇ ಕಡೆ ಟೇಪು ಕೀಳುತ್ತ ಬನ್ನಿ. ಎಲ್ಲಿ ಕಿತ್ತಾಗ ‘ಸುಯ್’ ಎಂದು ಮರಳಿ ಬಂತೋ ಅಲ್ಲೇ ಸಂದು. ಮೊಬೈಲಿನ ಡೆಸಿಬಲ್ ಆ್ಯಪ್ ಹೇಳುವ ಅಂಕಿಯನ್ನು ಪೂರ್ತಿ ನಂಬಬೇಡಿ. ಅದೇ ಮೊಬೈಲು, ಅದೇ ಜಾಗ, ಅದೇ ವೇಗವಿದ್ದರೆ ಮೊದಲಿಗೂ ಈಗಿಗೂ ಹೋಲಿಸಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಟೈರು, ಪಾಟಾ, ಬುಶ್

ಅಡ್ಡ ಗಡ್ಡೆಗಳ ಲಗ್ ಟೈರು ಕೆಸರಿನ ಹೊಲದಾರಿಗೆ ಒಳ್ಳೆಯದು, ಹೆದ್ದಾರಿಯಲ್ಲಿ ಅದರ ಪ್ರತಿ ಗಡ್ಡೆಯೂ ನೆಲಕ್ಕೆ ಬಡಿದು ಕೂಗುತ್ತದೆ. ವಾರಕ್ಕೆರಡು ಸಲ ಹೊಲಕ್ಕೆ ಇಳಿದು ಉಳಿದ ದಿನ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಮುಂದಿನ ಚಕ್ರಗಳಿಗಾದರೂ ಉದ್ದ ಗೀರಿನ ರೇಡಿಯಲ್ ಟೈರು ಹಾಕಿಸುವುದು ಮೇಲು. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಹಿಂದೆ ಮುಂದೆ ಸವರಿ ನೋಡಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದಂತೆ ತಾಗಿದರೆ ಅದು ಏರುಪೇರಾಗಿ ಸವೆದಿದೆ. ಅಲೈನ್‌ಮೆಂಟ್ ಮಾಡಿಸದೆ, ಸವೆದ ಶಾಕ್ ಅಬ್ಸಾರ್ಬರ್ ಬದಲಿಸದೆ ಹೊಸ ಟೈರು ಹಾಕಿಸಿದರೆ ಅದೂ ಬೇಗನೆ ಹಾಗೇ ಆಗುತ್ತದೆ. ಹಿಂದಿನ ಟೈರಿಗೆ ಪೂರ್ತಿ ಮಾಲಿನ ಗಾಳಿ ತುಂಬಿಸಿ ಖಾಲಿ ಓಡಿಸುವುದೂ ಕುಣಿತಕ್ಕೆ ಒಂದು ಕಾರಣ. ಬಾಗಿಲ ಹತ್ತಿರ ಅಂಟಿಸಿದ ಚೀಟಿಯಲ್ಲಿ ಖಾಲಿಗೂ ಮಾಲಿಗೂ ಬೇರೆ ಬೇರೆ ಒತ್ತಡ ಬರೆದಿದ್ದರೆ ಅದನ್ನು ಪಾಲಿಸಿ.

ಕೆಳಗೆ ಮಲಗಿ ನೋಡಬೇಕಾದವು ಇನ್ನೂ ಇವೆ: ಪಾಟಾದ ತುದಿಯ ಬುಶ್, ಪ್ರೊಪೆಲರ್ ಶಾಫ್ಟಿನ ಕ್ರಾಸು ಮತ್ತು ನಡುವಿನ ಬೇರಿಂಗು, ಸೈಲೆನ್ಸರ್ ತೂಗುವ ರಬ್ಬರು. ಎಲ್ಲರೂ ಮರೆಯುವುದು ಕ್ಯಾಬಿನ್ನಿನ ಅಡಿಯ ರಬ್ಬರ್ ಗಟ್ಟಿಗಳನ್ನು. ಗಾಡಿ ಹಳೆಯದಾದಂತೆ ಅವು ಕಲ್ಲಾಗುತ್ತವೆ, ಇಲ್ಲವೆ ಚಪ್ಪಟೆಯಾಗಿ ಸೀಳುತ್ತವೆ, ಆಗ ಚಾಸಿಯ ನಡುಕಕ್ಕೂ ಕ್ಯಾಬಿನ್ನಿಗೂ ನಡುವೆ ತಡೆಯೇ ಇರುವುದಿಲ್ಲ. ಬೆಲೆ ಹೆಚ್ಚಲ್ಲ, ಬದಲಿಸಿದ ಫಲ ಸೀಟಿನಲ್ಲಿ ಕೂತ ಕೂಡಲೇ ತಿಳಿಯುತ್ತದೆ. ಹಿಂದಿನ ಬಾಗಿಲಿನ ಕೊಂಡಿ, ಸರಪಳಿಗಳಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿದರೆ ಗಲಗಲ ನಿಲ್ಲುತ್ತದೆ.

ಸಂದು ಮುಚ್ಚುವುದು

ಗೋಡೆ ಎಷ್ಟೇ ದಪ್ಪವಿರಲಿ, ಅದರ ನೂರರಲ್ಲಿ ಒಂದು ಪಾಲು ತೆರೆದಿದ್ದರೆ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲು ಆಗದು. ಶಬ್ದಶಾಸ್ತ್ರದ ಈ ಒಂದು ಲೆಕ್ಕ ತಿಳಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ. ಬಾಗಿಲ ಬೀಡಿಂಗ್ ರಬ್ಬರಿನ ನಡುವೆ ಒಂದು ಕಾಗದದ ಚೀಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದಲ್ಲಿ ರಬ್ಬರು ಸತ್ತಿದೆ, ಇಲ್ಲವೆ ಬಾಗಿಲೇ ಜೋತಿದೆ. ಜೋತ ಬಾಗಿಲಿಗೆ ಹೊಸ ರಬ್ಬರು ಹಾಕಿ ಫಲವಿಲ್ಲ. ಮೊದಲು ಕೀಲು ಮತ್ತು ಲಾಕಿನ ಕೊಂಡಿ ಸರಿ ಮಾಡಿಸಬೇಕು.

ಗೇರ್ ಲಿವರಿನ ಬುಡದ ರಬ್ಬರ್ ಚೀಲ ಹರಿದಿದ್ದರೆ ಅದು ರಸ್ತೆಗೆ ತೆರೆದ ಕಿಟಕಿ. ಹೆಚ್ಚುವರಿ ಹಾರ್ನಿಗೆ, ಟೇಪಿಗೆ ವೈರು ತರಲೆಂದು ಎಂಜಿನ್ ಗೋಡೆಗೆ ಕೊರೆದು ಹಾಗೇ ಬಿಟ್ಟ ತೂತುಗಳೂ ಅಷ್ಟೇ. ಅವಕ್ಕೆ ರಬ್ಬರ್ ಗ್ರಾಮೆಟ್ ಹಾಕಿದರೆ ಸದ್ದಿನ ಜೊತೆಗೆ ಎಂಜಿನ್ನಿನ ಬಿಸಿಯೂ ಎರಿಯ ಧೂಳೂ ನಿಲ್ಲುತ್ತವೆ. ತಲೆಯ ಮೇಲಿನ ಕ್ಯಾರಿಯರ್, ಸಡಿಲವಾದ ತಾಡಪತ್ರಿ, ಅಂದಕ್ಕೆ ಹಾಕಿಸಿದ ಪಟ್ಟಿಗಳು ಗಾಳಿಯನ್ನು ಸೀಳಿ ಊಳಿಡಿಸುತ್ತವೆ. ಬೇಡದ್ದನ್ನು ಬಿಚ್ಚಿ, ತಾಡಪತ್ರಿಯನ್ನು ಎಳೆದು ಕಟ್ಟಿ.

ಬಿಸಿಲ ನಾಡಿನಲ್ಲಿ ಕಿಟಕಿ ಹಾಕಿಕೊಂಡು ಓಡಿಸಿ ಎನ್ನುವುದು ಸುಲಭದ ಮಾತಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿದ ಕೇಂದ್ರದ ನಿಯಮ 3.5 ಟನ್ನಿಗೂ ಮೇಲಿನ ಒಟ್ಟು ತೂಕದ ಗಾಡಿಗಳಿಗೆ ಮಾತ್ರ. ನಮ್ಮ ಪಿಕಪ್ಪುಗಳು ಬಹುಪಾಲು ಅದರ ಕೆಳಗೇ ಉಳಿದವು. ಇವುಗಳ ಚಾಲಕರಿಗೂ ಅದೇ ಬಿಸಿಲು, ಅವರನ್ನು ಬಿಟ್ಟಿದ್ದು ಸರಿಯಲ್ಲ. ಕಿಟಕಿ ತೆಗೆಯಲೇಬೇಕಾದಾಗ ಒಂದನ್ನೇ ಪೂರ್ತಿ ಇಳಿಸಿದರೆ ಕಿವಿಗೆ ದಬದಬ ಬಡಿಯುತ್ತದೆ. ಎರಡೂ ಕಡೆ ಸ್ವಲ್ಪ ಸ್ವಲ್ಪ ಇಳಿಸಿದರೆ ಆ ಬಡಿತ ನಿಲ್ಲುತ್ತದೆ.

ಶೀಟು ಹಾಕಿಸುವುದಾದರೆ

ಇಷ್ಟೆಲ್ಲ ಆದಮೇಲೂ ಉಳಿದ ಸದ್ದಿಗೆ ಶೀಟು. ಇದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ, ಅಂಗಡಿಯವರು ಮೂರನ್ನೂ ‘ಡ್ಯಾಂಪಿಂಗ್’ ಎಂದು ಒಂದೇ ಹೆಸರಿನಲ್ಲಿ ಮಾರುವುದುಂಟು. ಮೇಲೆ ಅಲ್ಯುಮಿನಿಯಂ ಹಾಳೆ ಇರುವ, ಸುಮಾರು 2 ಮಿ.ಮೀ. ದಪ್ಪದ ಬ್ಯೂಟೈಲ್ ಶೀಟು ತಗಡಿನ ನಡುಕವನ್ನು ಹೀರುತ್ತದೆ. ಅದನ್ನು ತಗಡಿನ ತುಂಬ ಹಚ್ಚಬೇಕಿಲ್ಲ. ಬೆರಳಿನಿಂದ ತಟ್ಟಿ ‘ಠಣ್’ ಎನ್ನುವ ಜಾಗ ನೋಡಿ ಕಾಲು ಭಾಗದಿಂದ ಅರ್ಧ ಭಾಗ ಮುಚ್ಚಿದರೆ ಹೆಚ್ಚಿನ ಫಲ ಸಿಕ್ಕುತ್ತದೆ. ಡಾಂಬರಿನ ಅಗ್ಗದ ಶೀಟು ಬೇಡವೇ ಬೇಡ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಅದು ಮೆತ್ತಗಾಗಿ ಜಾರುತ್ತದೆ, ಕ್ಯಾಬಿನ್ ತುಂಬ ವಾಸನೆ.

ಎರಡನೆಯದು ಭಾರದ ತಡೆ. 0.8 ಮಿ.ಮೀ. ತಗಡು ಚದರ ಮೀಟರಿಗೆ ಸುಮಾರು 6 ಕಿಲೋ ತೂಗುತ್ತದೆ. ಅಷ್ಟೇ ತೂಕದ ವಿನೈಲ್ ಹಾಸು ಸೇರಿಸಿ ಭಾರ ಇಮ್ಮಡಿಯಾದರೆ 6 ಡೆಸಿಬಲ್‌ವರೆಗೆ ಇಳಿಕೆ ಸಾಧ್ಯ. ಇದು ಕಾಲಡಿಗೆ, ಎಂಜಿನ್ ಗೋಡೆಗೆ ಸರಿ. ಮೂರನೆಯದು ಫೋಮು, ನಮದಾ. ಇವು ಒಳಗಿನ ಸೀಟಿ ಸದ್ದನ್ನು ಹೀರುತ್ತವೆ, ಗುಡುಗುಡು ಸದ್ದಿಗೆ ಏನೂ ಮಾಡವು. ನೀರು ಕುಡಿಯುವ ಸ್ಪಂಜನ್ನು ನೆಲಕ್ಕೂ ಬಾಗಿಲಿಗೂ ಹಾಕಬಾರದು, ಒಳಗೊಳಗೇ ತಗಡು ತುಕ್ಕು ತಿನ್ನುತ್ತದೆ. ಹಣ ಕಡಿಮೆಯಿದ್ದರೆ ಮೊದಲು ಬೆನ್ನ ಹಿಂದಿನ ತಗಡು, ಆಮೇಲೆ ಕಾಲಡಿ, ಆಮೇಲೆ ಬಾಗಿಲು. ತಾರಸಿ ಕೊನೆಗೆ.

ಬಾಗಿಲ ಪ್ಯಾಡು ಬಿಚ್ಚಿದಾಗ ತಳದ ಅಂಚಿನಲ್ಲಿ ಸಣ್ಣ ತೂತುಗಳು ಕಾಣುತ್ತವೆ. ಗಾಜಿನ ಸಂದಿನಿಂದ ಇಳಿದ ಮಳೆನೀರು ಹೋಗಲು ಅವು ಬೇಕೇ ಬೇಕು. ಎಲ್ಲ ತೂತೂ ಮುಚ್ಚುವ ಹುಮ್ಮಸ್ಸಿನಲ್ಲಿ ಇವನ್ನು ಮುಚ್ಚಿದರೆ ಮಳೆಗಾಲದಲ್ಲಿ ಬಾಗಿಲೊಳಗೆ ನೀರು ನಿಂತು ತಳ ಕೊಳೆಯುತ್ತದೆ. ಸೈಲೆನ್ಸರ್ ಹತ್ತಿರ ಯಾವ ಶೀಟೂ ಬೇಡ, ಬೆಂಕಿಯ ಭಯ.

ಕಿವಿಯ ಮಾತು

ನಮ್ಮ ಕಾರ್ಖಾನೆ ನಿಯಮಗಳು ಎಂಟು ತಾಸಿನ ಕೆಲಸಕ್ಕೆ 90 ಡೆಸಿಬಲ್ ಮಿತಿ ಇಟ್ಟಿವೆ. ಅಮೆರಿಕದ ಉದ್ಯೋಗ ಆರೋಗ್ಯ ಸಂಸ್ಥೆ ನಿಯೋಶ್ 85 ಸಾಕು ಎನ್ನುತ್ತದೆ, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯವನ್ನು ಅರ್ಧಕ್ಕಿಳಿಸುತ್ತದೆ: 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡೇ ತಾಸು. ರಸ್ತೆಸದ್ದು ಮುಚ್ಚಲೆಂದು ಅದರ ಮೇಲೆ ಟೇಪಿನ ಹಾಡು ಏರಿಸುವುದು ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. ಕಿವಿಗೆ ಅರಳೆ ತುರುಕಿಕೊಂಡು ಓಡಿಸುವುದೂ ತಪ್ಪು, ಹಿಂದಿನ ಗಾಡಿಯ ಹಾರ್ನು ಕೇಳಲೇಬೇಕು. ಗಾಡಿ ಇಳಿದು ರಾತ್ರಿ ಕಳೆದರೂ ಗುಂಯ್ ಸದ್ದು ಹೋಗದಿದ್ದರೆ, ಇಲ್ಲವೆ ಮನೆಯವರು ‘ಟಿ.ವಿ. ಸದ್ದು ಕಡಿಮೆ ಮಾಡ್ರಿ’ ಎಂದು ಮೇಲಿಂದ ಮೇಲೆ ಹೇಳತೊಡಗಿದರೆ, ತಡಮಾಡದೆ ಕಿವಿಯ ಡಾಕ್ಟರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.